ಮಳೆಯ ಹೆಸರಿನ ನಾಣ್ಯ: ಬೋಟ್ಸ್ವಾನಾ ದೇಶವನ್ನು ಮಕ್ಕಳಿಗೆ ಪರಿಚಯಿಸುವ ಬಗೆ

ಕೋಶ ಓದಬೇಕು, ದೇಶ ಸುತ್ತಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವ ಭಾಗ್ಯ ಎಲ್ಲ ಮಕ್ಕಳಿಗೂ ಒದಗುವುದಿಲ್ಲವಾದುದರಿಂದ ಕೋಶದ ಮೂಲಕವೇ ದೇಶವನ್ನು ಸುತ್ತಿಸುವ ಹೊಣೆ ಅಧ್ಯಾಪಕನದಾಗುತ್ತದೆ. ಈ ಹೊಣೆಯನ್ನು ನಿರ್ವಹಿಸುವಾಗ ಅವನು ಆಡುವ ಮೊದಲ ಮಾತು ಯಾವುದು ಎಂಬುದು ಸಣ್ಣ ಸಂಗತಿಯಲ್ಲ. ಎಳೆಯ ಮನಸ್ಸಿನಲ್ಲಿ ಮೊದಲು ಮೂಡಿದ ಚಿತ್ರವು ಹಸಿಗೋಡೆಯಲ್ಲಿ ನೆಟ್ಟ ಹರಳಿನಂತೆ ನಿಂತುಬಿಡುತ್ತದೆ. ಅನಂತರ ಅದನ್ನು ಕೀಳುವುದು ಕಷ್ಟ.

ಆಫ್ರಿಕಾ ಎಂದೊಡನೆ ನಮ್ಮ ಮಕ್ಕಳ ಮನಸ್ಸಿಗೆ ಬರುವುದು ಏನು? ದಟ್ಟವಾದ ಕಾಡು, ಗರ್ಜಿಸುವ ಸಿಂಹ, ಹಿಂಡು ಹಿಂಡಾದ ಆನೆ. ಇವು ಸುಳ್ಳಲ್ಲ, ಆದರೆ ಇಷ್ಟೇ ಆದಾಗ ಸುಳ್ಳಾಗುತ್ತವೆ. ಆ ಚಿತ್ರದಲ್ಲಿ ಶಾಲೆಯಿಲ್ಲ, ನ್ಯಾಯಸ್ಥಾನವಿಲ್ಲ, ವ್ಯಾಕರಣವಿಲ್ಲ, ಗಾದೆಯಿಲ್ಲ. ಮೇಲಾಗಿ ಐವತ್ತನಾಲ್ಕು ಸ್ವತಂತ್ರ ರಾಷ್ಟ್ರಗಳ ಒಂದು ಮಹಾಖಂಡವು ಮಕ್ಕಳ ಬಾಯಲ್ಲಿ ಒಂದೇ ಊರಿನಂತೆ ಆಗಿಬಿಡುತ್ತದೆ. ಇದರ ಫಲ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಕಾಣುವುದಲ್ಲ. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನಲ್ಲಿ ಒಂದು ರಸ್ತೆ ಅಪಘಾತವಾಯಿತು. ವಾಹನ ನಡೆಸುತ್ತಿದ್ದವನು ಸುಡಾನ್ ದೇಶದವನು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ, ಆ ಘಟನೆಗೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾ ದೇಶದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಸುಡಾನಿಗೂ ತಾಂಜಾನಿಯಾಕ್ಕೂ ಇರುವ ಅಂತರವನ್ನು ಆ ಗುಂಪಿನಲ್ಲಿದ್ದವರಿಗೆ ಯಾವ ಶಾಲೆಯೂ ಮನಗಾಣಿಸಿರಲಿಲ್ಲ. ಭೂಗೋಳದ ಪಾಠ ನೀತಿಪಾಠವೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೀಗಿರಲಾಗಿ, ಆಫ್ರಿಕಾವನ್ನು ಒಮ್ಮೆಗೇ ಬಾಚಿ ಹೇಳುವ ಬದಲು ಒಂದು ದೇಶವನ್ನು ಆರಿಸಿಕೊಂಡು, ಆ ನಾಡಿನ ಮಾತುಗಳಿಂದಲೇ ಆ ನಾಡನ್ನು ತಿಳಿಸುವುದು ಲೇಸು. ಜನ ಮೊದಲು, ಪ್ರಾಣಿ ಅನಂತರ ಎಂಬ ಕ್ರಮವನ್ನೂ ಪಾಲಿಸಬೇಕು. ಈ ಉದ್ದೇಶಕ್ಕೆ ದಕ್ಷಿಣ ಆಫ್ರಿಕಾ ಭೂಭಾಗದ ಬೋಟ್ಸ್ವಾನಾ ದೇಶವು ಬಹಳ ಅನುಕೂಲವಾದುದೆಂದು ತೋರಿದ್ದರಿಂದ ಅದನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ನಮ್ಮ ಅಂಗಳದಲ್ಲಿರುವ ಆಫ್ರಿಕಾ

ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕೆಂಬುದು ಬೋಧನೆಯ ಹಳೆಯ ನಿಯಮ. ಆಫ್ರಿಕಾದ ವಿಷಯದಲ್ಲಿ ಈ ನಿಯಮವನ್ನು ಪಾಲಿಸಲು ನಮ್ಮ ನಾಡಿನ ಅಧ್ಯಾಪಕರಿಗೆ ಎರಡು ಸುಲಭ ಸಾಧನಗಳಿವೆ.

ಮೊದಲನೆಯದು ಜೋಳ. ಉತ್ತರ ಕರ್ನಾಟಕದ ಮಗುವಿಗೆ ರೊಟ್ಟಿಯೆಂದರೆ ಜೋಳದ ರೊಟ್ಟಿ. ಹಳಗನ್ನಡದಲ್ಲಿ ಅನ್ನವಿತ್ತ ಒಡೆಯನ ಋಣಕ್ಕೆ ‘ಜೋಳವಾಳಿ’ ಎಂದೇ ಹೆಸರು. ಅಷ್ಟರಮಟ್ಟಿಗೆ ಈ ಧಾನ್ಯವು ನಮ್ಮ ನುಡಿಯಲ್ಲಿ ಬೇರುಬಿಟ್ಟಿದೆ. ಆದರೆ ಅದರ ತವರು ಆಫ್ರಿಕಾ. ಸಹಸ್ರಾರು ವರ್ಷಗಳ ಹಿಂದೆ ಅಲ್ಲಿನ ಒಕ್ಕಲಿಗರು ಕಾಡುಹುಲ್ಲನ್ನು ಪಳಗಿಸಿ ಬೆಳೆಯಾಗಿ ಮಾಡಿದ ಕಾಳು ನಮ್ಮ ಕಣಕ್ಕೆ ಬಂದಿದೆ. ರಾಗಿಯ ಕಥೆಯೂ ಅಂಥದೇ. ಅದು ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದುದು. ಬೋಟ್ಸ್ವಾನಾದಲ್ಲಿ ಜೋಳಕ್ಕೆ ‘ಮಬೆಲೆ’ ಎನ್ನುತ್ತಾರೆ. ಅದರ ಹಿಟ್ಟಿನಿಂದ ಮಾಡುವ ಗಂಜಿಯೇ ಅವರ ನಿತ್ಯದ ಊಟ. ಆ ದೇಶದ ರಾಷ್ಟ್ರಲಾಂಛನದಲ್ಲಿ ಎರಡು ಪಟ್ಟೆಕುದುರೆಗಳು ನಿಂತಿವೆ. ಅವುಗಳಲ್ಲಿ ಒಂದು ಹಿಡಿದುಕೊಂಡಿರುವುದು ಜೋಳದ ತೆನೆಯನ್ನು.

ಎರಡನೆಯದು ಮರ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಬೃಹದ್ವೃಕ್ಷಗಳನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಆನೆಯ ಮೈಯಂಥ ತೊಗಟೆ, ಹತ್ತಾರು ಜನ ತೋಳು ಚಾಚಿದರೂ ತಬ್ಬಲಾಗದ ಬೊಡ್ಡೆ. ಹೆಸರು ದೊಡ್ಡಹುಣಸೆಯಾದರೂ ಅದು ಹುಣಸೆಯ ಕುಲದ್ದಲ್ಲ. ಆಫ್ರಿಕಾದ ಬಾವೊಬಾಬ್ ವೃಕ್ಷ. ಬೋಟ್ಸ್ವಾನಾದ ಉಪ್ಪಿನ ಬಯಲುಗಳ ಅಂಚಿನಲ್ಲಿ ಇವೇ ಮರಗಳು ನಿಂತಿವೆ. ತಾಮಸ್ ಬೇನ್ಸ್ ಎಂಬ ಚಿತ್ರಕಾರನು 1862ರಲ್ಲಿ ಅಲ್ಲಿನ ಒಂದು ಗುಂಪಿನ ಚಿತ್ರವನ್ನು ಬರೆದನು. ಆ ಮರಗಳು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧ. ಮಠದ ಅಂಗಳದಲ್ಲಿ ಆಫ್ರಿಕಾದ ಮರವೊಂದು ಶತಮಾನಗಳಿಂದ ಪೂಜ್ಯಭಾವದಿಂದ ಬೆಳೆದಿದೆಯೆಂದು ತಿಳಿದ ಮಗುವಿಗೆ ಆ ಖಂಡವು ಪರಕೀಯವಾಗಿ ಉಳಿಯುವುದಿಲ್ಲ.

ಹೆಸರಿನಲ್ಲಿಯೇ ವ್ಯಾಕರಣ

ನಮ್ಮ ಭಾಷೆಯಲ್ಲಿ ಪ್ರತ್ಯಯವು ಪ್ರಕೃತಿಯ ಮುಂದೆ, ಎಂದರೆ ಪರದಲ್ಲಿ, ಬಂದು ಸೇರುತ್ತದೆ: ‘ಮರ’ಕ್ಕೆ ‘ಗಳು’ ಸೇರಿ ‘ಮರಗಳು’; ‘ದೊಡ್ಡ’ಕ್ಕೆ ‘ತನ’ ಸೇರಿ ‘ದೊಡ್ಡತನ’. ಬೋಟ್ಸ್ವಾನಾದ ನುಡಿಯಲ್ಲಿ ಇದಕ್ಕೆ ವಿಪರ್ಯಾಸ. ಅಲ್ಲಿ ಪ್ರತ್ಯಯ ಪದದ ಆದಿಯಲ್ಲಿ ಬರುತ್ತದೆ. ‘ಟ್ಸ್ವಾನಾ’ ಎಂಬುದು ಪ್ರಕೃತಿ. ‘ಮೊಟ್ಸ್ವಾನಾ’ ಎಂದರೆ ಆ ಜನಾಂಗದ ಒಬ್ಬ ವ್ಯಕ್ತಿ. ‘ಬಟ್ಸ್ವಾನಾ’ ಎಂದರೆ ಹಲವರು. ‘ಸೆಟ್ಸ್ವಾನಾ’ ಎಂದರೆ ಅವರ ಭಾಷೆ ಹಾಗೂ ನಡೆನುಡಿ. ‘ಬೋಟ್ಸ್ವಾನಾ’ ಎಂದರೆ ಅವರ ನಾಡು. ಒಂದು ಪ್ರಕೃತಿ, ನಾಲ್ಕು ಪೂರ್ವಪ್ರತ್ಯಯಗಳು, ನಾಲ್ಕು ಅರ್ಥಗಳು. ಕಪ್ಪುಹಲಗೆಯ ಮೇಲೆ ಇವನ್ನು ಬರೆದು ತೋರಿಸಿದರೆ ಐದನೆಯ ತರಗತಿಯ ಮಗುವೂ ಅರ್ಧ ಗಳಿಗೆಯಲ್ಲಿ ಗ್ರಹಿಸಬಲ್ಲದು.

ಇದೇ ನಿಯಮದಿಂದ ಇನ್ನೊಂದು ಪದವನ್ನೂ ಕಲಿಸಬಹುದು. ‘ಮೊಥೊ’ ಎಂದರೆ ಮನುಷ್ಯ, ‘ಬಥೊ’ ಎಂದರೆ ಮನುಷ್ಯರು, ‘ಬೊಥೊ’ ಎಂದರೆ ಮನುಷ್ಯತ್ವ. ಎದುರಿನವನನ್ನು ಗೌರವಿಸುವುದರಿಂದಲೇ ತಾನು ಮನುಷ್ಯನೆನಿಸಿಕೊಳ್ಳುವ ಗುಣಕ್ಕೆ ಅವರು ಬೊಥೊ ಎನ್ನುತ್ತಾರೆ; ಅದನ್ನು ರಾಷ್ಟ್ರದ ಮೂಲತತ್ತ್ವಗಳಲ್ಲಿ ಒಂದಾಗಿ ಪರಿಗಣಿಸಿದ್ದಾರೆ. ಅವರ ವಂದನೆಯ ರೀತಿಯೂ ಇದಕ್ಕೆ ಅನುಗುಣವಾಗಿದೆ. ಗಂಡಸನ್ನು ಕಂಡರೆ ‘ಡುಮೆಲಾ ರ್ರಾ’, ಹೆಂಗಸನ್ನು ಕಂಡರೆ ‘ಡುಮೆಲಾ ಮ್ಮಾ’. ‘ರ್ರಾ’ ಎಂದರೆ ತಂದೆ, ‘ಮ್ಮಾ’ ಎಂದರೆ ತಾಯಿ. ಅಪರಿಚಿತರನ್ನೂ ಯಪ್ಪಾ, ಯವ್ವಾ ಎಂದು ಕರೆಯುವ ನಮ್ಮ ಹಳ್ಳಿಗರಿಗೆ ಈ ಪದ್ಧತಿಯನ್ನು ವಿವರಿಸಬೇಕಾದುದಿಲ್ಲ.

ಈ ನುಡಿ ಸಾಹಿತ್ಯಹೀನವೆಂದು ಯಾರೂ ಭಾವಿಸಲಾಗದು. ನೆರೆಯ ದಕ್ಷಿಣ ಆಫ್ರಿಕಾದ ಸಾಲ್ ಪ್ಲಾಟ್ಯೆ ಎಂಬ ವಿದ್ವಾಂಸನು ಸೆಟ್ಸ್ವಾನಾ ಗಾದೆಗಳನ್ನು ಸಂಗ್ರಹಿಸಿ 1916ರಲ್ಲಿ ಪ್ರಕಟಿಸಿದನು; 1930ರಲ್ಲಿ ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಅದೇ ನುಡಿಗೆ ತಂದನು. ಅದೇ ನಾಟಕವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡಕ್ಕೆ ತಂದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಪರಭಾಷೆಯ ಆಳ್ವಿಕೆಯಲ್ಲಿ ತಮ್ಮ ನುಡಿಯ ಮಾನವನ್ನು ಕಾಯಬೇಕೆಂಬ ಛಲ ಎರಡೂ ಕಡೆ ಒಂದೇ ಬಗೆಯದು.

ನೆಲ ಮತ್ತು ನೀರು

ಬೋಟ್ಸ್ವಾನಾ ನಾಲ್ದೆಸೆಯಲ್ಲಿಯೂ ನೆಲದಿಂದಲೇ ಸುತ್ತುವರಿದ ದೇಶ. ದಕ್ಷಿಣಕ್ಕೆ ದಕ್ಷಿಣ ಆಫ್ರಿಕಾ, ಪಶ್ಚಿಮಕ್ಕೂ ಉತ್ತರಕ್ಕೂ ನಮೀಬಿಯಾ, ಈಶಾನ್ಯಕ್ಕೆ ಜಿಂಬಾಬ್ವೆ. ಉತ್ತರದ ತುದಿಯಲ್ಲಿ ಜಾಂಬೆಜಿ ನದಿಯ ಒಂದು ಕಿರಿದಾದ ಎಡೆಯಲ್ಲಿ ಮಾತ್ರ ಜಾಂಬಿಯಾ ಅದನ್ನು ಮುಟ್ಟುತ್ತದೆ. ಅಲ್ಲಿ 2021ರಲ್ಲಿ ಕಜುಂಗುಲಾ ಸೇತುವೆ ಬಳಕೆಗೆ ತೆರೆಯಿತು. ದೇಶದ ವಿಸ್ತಾರ ಸುಮಾರು 5,81,700 ಚದರ ಕಿಲೋಮೀಟರು. ಎಂದರೆ ನಮ್ಮ ರಾಜ್ಯದ ಮೂರು ಪಟ್ಟು. ಜನಸಂಖ್ಯೆಯಾದರೋ 2022ರ ಗಣತಿಯಂತೆ ಸುಮಾರು 23.6 ಲಕ್ಷ ಮಾತ್ರ. ಇಷ್ಟು ದೊಡ್ಡ ನೆಲದಲ್ಲಿ ಇಷ್ಟು ಕಡಿಮೆ ಜನ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸಬೇಕು. ಉತ್ತರ ಒಂದೇ ಮಾತು: ನೀರು.

ದೇಶದ ನೂರರಲ್ಲಿ ಎಪ್ಪತ್ತು ಪಾಲನ್ನು ಕಾಲಾಹಾರಿ ಮರಳು ಆವರಿಸಿದೆ. ಇದು ಬರಿಯ ಮರಳುದಿಬ್ಬಗಳ ಮರುಭೂಮಿಯಲ್ಲ. ಹುಲ್ಲೂ ಜಾಲಿಯ ಜಾತಿಯ ಮುಳ್ಳುಮರಗಳೂ ಇವೆ. ಆದರೆ ಮರಳು ಬಿದ್ದ ಮಳೆಯನ್ನು ಹೀರಿಬಿಡುವುದರಿಂದ ನೆಲದ ಮೇಲೆ ನೀರು ನಿಲ್ಲುವುದಿಲ್ಲ. ನೈರೃತ್ಯದಲ್ಲಿ ವರ್ಷಕ್ಕೆ ಸುಮಾರು 250 ಮಿಲಿಮೀಟರು, ಈಶಾನ್ಯದಲ್ಲಿ ಸುಮಾರು 650 ಮಿಲಿಮೀಟರು ಮಳೆ. ಅದೂ ಬರುವ ವರ್ಷ ಬಂತು, ಬಾರದ ವರ್ಷ ಇಲ್ಲ. ಬಯಲುಸೀಮೆಯ ರೈತನ ಮಗುವಿಗೆ ಈ ಅನಿಶ್ಚಯದ ಅರ್ಥ ಚೆನ್ನಾಗಿ ಗೊತ್ತು.

ಇಂಥ ನಾಡಿನಲ್ಲಿ ಮಳೆಗೆ ‘ಪುಲಾ’ ಎಂದು ಹೆಸರು. ಈ ಒಂದು ಪದವನ್ನು ಕಲಿಸಿದರೆ ಅರ್ಧ ಪಾಠ ಮುಗಿದಂತೆ. ಪುಲಾ ಎಂದರೆ ಮಳೆ. ಪುಲಾ ಎಂದರೆ ಆಶೀರ್ವಾದ. ಸಭೆ ಮುಗಿದಾಗ ಜನ ಒಕ್ಕೊರಲಿನಿಂದ ಕೂಗುವ ಜಯಕಾರವೂ ಪುಲಾ. ರಾಷ್ಟ್ರಲಾಂಛನದ ಕೆಳಗಿನ ಧ್ಯೇಯವಾಕ್ಯ ಅದೊಂದೇ ಪದ. 1976ರ ಆಗಸ್ಟ್ 23ರಂದು ಆ ದೇಶವು ದಕ್ಷಿಣ ಆಫ್ರಿಕಾದ ರ‍್ಯಾಂಡನ್ನು ಬಿಟ್ಟು ಸ್ವಂತ ನಾಣ್ಯವನ್ನು ಚಲಾವಣೆಗೆ ತಂದಾಗ ಅದಕ್ಕೆ ಇಟ್ಟ ಹೆಸರೂ ಪುಲಾ. ಒಂದು ಪುಲಾಕ್ಕೆ ನೂರು ‘ಥೆಬೆ’. ಥೆಬೆ ಎಂದರೆ ಗುರಾಣಿ. ಧ್ವಜದ ತಿಳಿನೀಲಿಯೂ ನೀರಿನ ಸಂಕೇತವೇ. ನಡುವಿನ ಕಪ್ಪು ಪಟ್ಟೆ ಮತ್ತು ಅದರ ಇಕ್ಕೆಲದ ಬಿಳಿಯ ಅಂಚುಗಳು ಬೇರೆ ಬೇರೆ ವರ್ಣದ ಜನರ ಸಾಮರಸ್ಯವನ್ನು ಸೂಚಿಸುತ್ತವೆ.

ಈ ಒಣನಾಡಿನ ಉತ್ತರ ಮೂಲೆಯಲ್ಲಿ ಒಂದು ಅದ್ಭುತವಿದೆ. ನಮ್ಮ ಕವಿಸಮಯದಲ್ಲಿ ನದಿ ಸಮುದ್ರನ ಪತ್ನಿ. ಎಲ್ಲ ನದಿಗಳೂ ಕಡಲನ್ನು ಸೇರಲೇಬೇಕು. ಒಕವಾಂಗೊ ನದಿ ಈ ಕವಿಸಮಯವನ್ನು ಮೀರಿದೆ. ಅದು ಅಂಗೋಲಾದ ಎತ್ತರದ ನೆಲದಲ್ಲಿ ಹುಟ್ಟಿ, ನಮೀಬಿಯಾದ ಒಂದು ಪಟ್ಟಿಯನ್ನು ದಾಟಿ, ಬೋಟ್ಸ್ವಾನಾದ ಮರಳಿನಲ್ಲಿ ಬೀಸಣಿಗೆಯಂತೆ ಹರಡಿ ನಿಂತುಬಿಡುತ್ತದೆ. ಅದರ ನೀರಿನ ಬಹುಭಾಗ ಬಿಸಿಲಿಗೆ ಆವಿಯಾಗುತ್ತದೆ, ಮರಗಿಡಗಳ ಪಾಲಾಗುತ್ತದೆ. ಇನ್ನೂ ಒಂದು ವಿಶೇಷವುಂಟು. ಅಂಗೋಲಾದಲ್ಲಿ ವರ್ಷಾರಂಭದಲ್ಲಿ ಬಿದ್ದ ಮಳೆಯ ನೀರು ಸಮತಟ್ಟಾದ ನೆಲದ ಮೇಲೆ ಮೆಲ್ಲಮೆಲ್ಲನೆ ಸರಿದು ಬರಲು ತಿಂಗಳುಗಳೇ ಬೇಕಾಗುವುದರಿಂದ, ಜೂನ್‌ನಿಂದ ಆಗಸ್ಟ್‌ವರೆಗೆ, ಎಂದರೆ ಸ್ಥಳೀಯವಾಗಿ ಒಂದು ಹನಿಯೂ ಬೀಳದ ಕಾಲದಲ್ಲಿಯೇ, ಅಲ್ಲಿ ನೆರೆ ತುಂಬುತ್ತದೆ. ಬಾಯಾರಿದ ಪ್ರಾಣಿಸಂಕುಲವೆಲ್ಲ ಅಲ್ಲಿಗೆ ಬರುತ್ತದೆ. 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸಾವಿರನೆಯ ತಾಣವಾಗಿ ಸೇರಿದುದು ಇದೇ ಒಕವಾಂಗೊ.

ಕೇಳುವ ದೊರೆ, ಮಾತಾಡುವ ಪ್ರಜೆ

ಪ್ರತಿಯೊಂದು ಟ್ಸ್ವಾನಾ ಊರಿನಲ್ಲಿಯೂ ‘ಖೊಟ್ಲಾ’ ಎಂಬ ಸಭಾಸ್ಥಾನವಿರುತ್ತದೆ. ಮರದ ದಿಮ್ಮಿಗಳನ್ನು ಅರ್ಧಚಂದ್ರಾಕಾರವಾಗಿ ನೆಟ್ಟ ಬೇಲಿ, ಹಲವೆಡೆ ಒಂದು ಹಿರಿಯ ಮರದ ನೆರಳು. ಊರಿನ ಮುಖ್ಯಸ್ಥನಿಗೆ ‘ಖೊಸಿ’ ಎಂದು ಹೆಸರು. ಅವನು ಮೊದಲು ಕೇಳುತ್ತಾನೆ, ಕೊನೆಯಲ್ಲಿ ನಿರ್ಣಯ ಹೇಳುತ್ತಾನೆ. ಖೊಟ್ಲಾದಲ್ಲಿ ಆಡಿದ ಮಾತೆಲ್ಲವೂ ಚೆಲುವು ಎಂಬುದು ಅವರ ಗಾದೆಯ ಭಾವ. ಅಲ್ಲಿ ತಪ್ಪು ಮಾತಾಡಿದವನನ್ನೂ ತಡೆಯಬಾರದು. ದೊರೆಯು ದೊರೆಯಾಗುವುದು ಪ್ರಜೆಯಿಂದ ಎಂಬುದು ಇನ್ನೊಂದು ಗಾದೆ.

ನಮ್ಮ ಸಂಸ್ಥೆಯಂಥ ಕಡೆಗಳಲ್ಲಿ ಈ ಪಾಠ ಮಾಡುವಾಗ ಅನುಭವ ಮಂಟಪದ ನೆನಪು ಬಾರದೆ ಇರದು. ಆದರೆ ಹೋಲಿಕೆಯ ಆತುರದಲ್ಲಿ ಭೇದವನ್ನು ಮರೆಯಬಾರದು. ಖೊಟ್ಲಾ ಊರಿನ ಆಡಳಿತ ಮತ್ತು ನ್ಯಾಯನಿರ್ಣಯಗಳ ಸಭೆ. ಪರಂಪರೆಯಿಂದ ಅಲ್ಲಿ ಹೆಂಗಸರಿಗೆ ಸಮಾನ ಸ್ಥಾನವಿರಲಿಲ್ಲ. ಅದು ಬದಲಾಗುತ್ತ ಬಂದಿದೆ: 2002ರಲ್ಲಿ ಮೊಸಾದಿ ಸೆಬೊಕೊ ಎಂಬವರು ಬಲೇಟೆ ಬುಡಕಟ್ಟಿಗೆ ಖೊಸಿಯಾದರು, ಆ ದೇಶದ ಪ್ರಮುಖ ಬುಡಕಟ್ಟೊಂದಕ್ಕೆ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು.

ಮಾತಿನ ಬಲವೇ ಈ ನಾಡನ್ನು ಉಳಿಸಿತೆಂದರೆ ಅತಿಶಯವಲ್ಲ. 1885ರಲ್ಲಿ ಬ್ರಿಟಿಷರು ಈ ಪ್ರದೇಶವನ್ನು ಬೆಚುವಾನಾಲ್ಯಾಂಡ್ ಎಂಬ ಹೆಸರಿನಿಂದ ತಮ್ಮ ರಕ್ಷಣೆಗೆ ತೆಗೆದುಕೊಂಡರು. ಹತ್ತು ವರ್ಷಗಳಲ್ಲಿ ಅದನ್ನು ಸೆಸಿಲ್ ರೋಡ್ಸ್‌ನ ವ್ಯಾಪಾರೀ ಕಂಪನಿಗೆ ಒಪ್ಪಿಸುವ ಮಾತು ಹುಟ್ಟಿತು. ಕಂಪನಿಯ ಆಳ್ವಿಕೆ ಎಂದರೇನೆಂಬುದು ಭಾರತೀಯರಿಗೆ ಹೊಸದಲ್ಲ. ಆಗ ಮೂರನೆಯ ಖಾಮಾ, ಒಂದನೆಯ ಸೆಬೆಲೆ, ಒಂದನೆಯ ಬಥೊಯೆನ್ ಎಂಬ ಮೂವರು ಖೊಸಿಗಳು 1895ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಊರೂರು ತಿರುಗಿ ಸಭೆಗಳಲ್ಲಿ ತಮ್ಮ ಅಹವಾಲನ್ನು ಹೇಳಿಕೊಂಡು ಜನಾಭಿಪ್ರಾಯವನ್ನು ಗಳಿಸಿದರು. ವಿಕ್ಟೋರಿಯಾ ರಾಣಿಯನ್ನೂ ಕಂಡರು. ರೈಲುದಾರಿಗೆಂದು ನೆಲದ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟು ಉಳಿದ ನಾಡನ್ನು ಕಂಪನಿಯ ಕೈಯಿಂದ ತಪ್ಪಿಸಿದರು. ರಾಜಧಾನಿ ಗ್ಯಾಬರೋನಿನಲ್ಲಿ ಆ ಮೂವರ ಪ್ರತಿಮೆಗಳು ಒಟ್ಟಿಗೆ ನಿಂತಿವೆ.

ಬೋಟ್ಸ್ವಾನಾ ಸ್ವತಂತ್ರವಾದುದು 1966ರ ಸೆಪ್ಟೆಂಬರ್ 30ರಂದು. ಖಾಮಾನ ಮೊಮ್ಮಗ ಸೆರೆಟ್ಸೆ ಖಾಮಾ ಮೊದಲ ಅಧ್ಯಕ್ಷರು. 1948ರಲ್ಲಿ ಇಂಗ್ಲಿಷ್ ಯುವತಿಯನ್ನು ವಿವಾಹವಾದ ಕಾರಣಕ್ಕೆ ಅವರು ಸ್ವದೇಶದಿಂದ ಹೊರಗುಳಿಯಬೇಕಾಯಿತು. 1956ರಲ್ಲಿ ಬುಡಕಟ್ಟಿನ ಪಟ್ಟವನ್ನು ತೊರೆದು ಸಾಮಾನ್ಯ ಪ್ರಜೆಯಾಗಿ ಮರಳಿದರು. ಆಗ ಆ ದೇಶವು ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. 1965ರವರೆಗೆ ಅದರ ಆಡಳಿತಕೇಂದ್ರವೂ ಗಡಿಯಾಚೆಯ ಮಫೆಕಿಂಗ್ ಎಂಬ ಊರಿನಲ್ಲಿತ್ತು. ತನ್ನ ರಾಜಧಾನಿಯೇ ತನ್ನ ನೆಲದ ಮೇಲಿಲ್ಲದ ದೇಶ ಅದು. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದು ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲ. ಆದರೆ ಅದೇ ವರ್ಷದ ಕಾನೂನಿನಿಂದ ಖನಿಜಸಂಪತ್ತು ಬುಡಕಟ್ಟುಗಳದಾಗದೆ ಇಡೀ ರಾಷ್ಟ್ರದ್ದಾಯಿತು. ವಜ್ರದ ಹಣ ರಸ್ತೆ, ಆಸ್ಪತ್ರೆ, ಶಾಲೆಗಳಾಗಿ ಪರಿಣಮಿಸಿತು. 1982ರಲ್ಲಿ ತೆರೆದ ಜ್ವಾನೆಂಗ್ ಗಣಿ ಮೌಲ್ಯದ ದೃಷ್ಟಿಯಿಂದ ಜಗತ್ತಿನಲ್ಲಿಯೇ ಅತ್ಯಂತ ಶ್ರೀಮಂತವಾದುದೆಂದು ಹೆಸರಾಯಿತು. ಸ್ವಾತಂತ್ರ್ಯಾನಂತರ ಚುನಾವಣೆಗಳು ತಪ್ಪದೆ ನಡೆದಿವೆ. 58 ವರ್ಷ ಆಳಿದ ಪಕ್ಷವು 2024ರಲ್ಲಿ ಸೋತಾಗ ಅಧಿಕಾರವು ಶಾಂತವಾಗಿ ವಿರೋಧಪಕ್ಷದ ಕೈಸೇರಿತು.

ಮೃಗಸಂಪತ್ತು

ಇಷ್ಟಾದ ಮೇಲೆ ಪ್ರಾಣಿಗಳ ವಿಷಯಕ್ಕೆ ಬರಬಹುದು. ಮಕ್ಕಳಿಗೆ ಇದು ಹಬ್ಬದೂಟ. ಅದನ್ನು ತಪ್ಪಿಸುವುದು ನಮ್ಮ ಆಶಯವಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಆನೆಗಳಿರುವ ದೇಶ ಬೋಟ್ಸ್ವಾನಾ. 2022ರ ಸಮೀಕ್ಷೆಯಂತೆ ಸುಮಾರು 1,30,000. ಭಾರತದ ರಾಜ್ಯಗಳಲ್ಲಿ ಅತಿ ಹೆಚ್ಚು ಆನೆಗಳಿರುವುದು ಕರ್ನಾಟಕದಲ್ಲಿ. 2023ರ ಅಂದಾಜು 6,395. ನಮ್ಮ ಆನೆಗೂ ಅವರ ಆನೆಗೂ ಇರುವ ಭೇದಗಳನ್ನು ಚಿತ್ರ ಬರೆದು ತೋರಿಸಬೇಕು: ಅಲ್ಲಿನ ಆನೆಯ ಕಿವಿ ಮೊರಕ್ಕಿಂತ ದೊಡ್ಡದು, ಬೆನ್ನು ನಡುವೆ ತಗ್ಗು, ಹೆಣ್ಣಿಗೂ ಸಾಮಾನ್ಯವಾಗಿ ದಂತವುಂಟು, ಸೊಂಡಿಲ ತುದಿಯಲ್ಲಿ ಎರಡು ಬೆರಳುಗಳಂಥ ಚಾಚುಗಳಿವೆ, ನಮ್ಮದಕ್ಕೆ ಒಂದೇ. ಆನೆಯಿಂದ ಬೆಳೆ ಕಳೆದುಕೊಂಡ ರೈತ ಎರಡೂ ಕಡೆ ಇದ್ದಾನೆ. ಕೊಡಗು, ಹಾಸನಗಳ ಮಕ್ಕಳು ಚೋಬೆ ನದಿಯ ದಂಡೆಯ ಒಕ್ಕಲಿಗನ ಕಷ್ಟವನ್ನು ನಮಗಿಂತ ಬೇಗ ತಿಳಿಯುತ್ತಾರೆ.

ಕಾಲಾಹಾರಿಯ ಸಿಂಹಗಳಿಗೆ ಕಪ್ಪು ಕೇಸರ. ಹುಲಿ ಮಾತ್ರ ಆಫ್ರಿಕಾದ ಕಾಡಿನಲ್ಲಿ ಎಲ್ಲಿಯೂ ಇಲ್ಲ. ಕಥೆಗಳಲ್ಲಿ ಸಿಂಹ, ಹುಲಿಗಳನ್ನು ಜೊತೆಯಾಗಿ ಕೇಳಿದ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಪಟ್ಟೆಕುದುರೆ ಅವರ ರಾಷ್ಟ್ರಪ್ರಾಣಿ. ಚೀತಾ ಎಂದರೆ ಚಿರತೆಯಲ್ಲ. ನಮ್ಮ ಹಿರಿಯರು ‘ಸಿವಂಗಿ’ ಎಂದು ಕರೆಯುತ್ತಿದ್ದ, ಬೇಟೆಗೆ ಪಳಗಿಸುತ್ತಿದ್ದ ಪ್ರಾಣಿ ಅದು. ಭಾರತದಲ್ಲಿ ಅದು ನಿರ್ನಾಮವಾಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯಾದಿಂದಲೂ 2023ರಲ್ಲಿ ದಕ್ಷಿಣ ಆಫ್ರಿಕಾದಿಂದಲೂ ಚೀತಾಗಳನ್ನು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ತರಲಾಯಿತು. 2025ರ ನವೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೋಟ್ಸ್ವಾನಾಕ್ಕೆ ಭೇಟಿಯಿತ್ತಾಗ ಎಂಟು ಚೀತಾಗಳನ್ನು ಭಾರತಕ್ಕೆ ಸಾಂಕೇತಿಕವಾಗಿ ಒಪ್ಪಿಸಲಾಯಿತು. ನಾವು ಕಳೆದುಕೊಂಡುದನ್ನು ಅವರು ಕಾಪಾಡಿಕೊಂಡಿದ್ದಾರೆಂಬ ಮಾತನ್ನು ಇಲ್ಲಿ ಮಕ್ಕಳಿಗೆ ಹೇಳಲೇಬೇಕು.

ಕಾಪಾಡಿದವರಾರು? ಒಕವಾಂಗೊ ಪ್ರದೇಶದ ಮೊರೆಮಿ ಮೃಗಧಾಮವು 1963ರಲ್ಲಿ ಸ್ಥಾಪಿತವಾಯಿತು. ಬೇಟೆಯಿಂದ ಪ್ರಾಣಿಗಳು ಕ್ಷಯಿಸುತ್ತಿರುವುದನ್ನು ಕಂಡು ಬಟವಾನಾ ಬುಡಕಟ್ಟಿನವರು, ಖೊಸಿಯ ವಿಧವೆಯಾಗಿ ಆಡಳಿತ ನಡೆಸುತ್ತಿದ್ದ ಎಲಿಜಬೆತ್ ಪುಲಾನೆ ಮೊರೆಮಿ ಅವರ ಮುಂದಾಳುತನದಲ್ಲಿ, ತಮ್ಮದೇ ನೆಲವನ್ನು ಅದಕ್ಕೆ ಬಿಟ್ಟುಕೊಟ್ಟರು. ಪ್ರಾಣಿಗಳ ಪಾಠದಲ್ಲಿಯೂ ಹೀಗೆ ಮನುಷ್ಯನ ಹೆಸರು ಬರಬೇಕು.

ಮುಚ್ಚಿಡಲಾಗದ ಸಂಗತಿಗಳು

ಪರದೇಶವನ್ನು ಹೊಗಳಿಕೆಯಿಂದ ಮಾತ್ರ ತುಂಬಿಸಿದರೆ ಅದೂ ಅಸತ್ಯವೇ. ಆ ನೆಲದ ಅತಿ ಪ್ರಾಚೀನ ನಿವಾಸಿಗಳು ಸಾನ್ ಜನ. ನಾವು ಅನುಕಂಪದಿಂದ ಲೊಚಗುಟ್ಟುವ ಸದ್ದು ಅವರ ಭಾಷೆಗಳಲ್ಲಿ ವ್ಯಂಜನ. ತರಗತಿಯಲ್ಲಿ ಅದನ್ನು ನಗೆಗೆ ಬಳಸಗೊಡದೆ ಅಕ್ಷರವೆಂದೇ ಗೌರವಿಸುವಂತೆ ಕಲಿಸಬೇಕು. ಮರಳಿನ ಕೆಳಗೆ ಎಲ್ಲಿ ಗೆಡ್ಡೆಯಿದೆ, ಯಾವ ಕಾಡುಕಲ್ಲಂಗಡಿಯಲ್ಲಿ ನೀರಿದೆ ಎಂಬುದನ್ನು ಬಲ್ಲ ಜ್ಞಾನಿಗಳು ಅವರು. ಅವರ ಆಶ್ರಯಕ್ಕೂ ಮೃಗರಕ್ಷಣೆಗೂ ಎಂದು 1961ರಲ್ಲಿ ಮಾಡಿದ ಮಧ್ಯ ಕಾಲಾಹಾರಿ ಅರಣ್ಯದಿಂದಲೇ 1997 ಮತ್ತು 2002ರಲ್ಲಿ ಸರಕಾರವು ಅವರನ್ನು ಹೊರಗೆ ಸಾಗಿಸಿತು. ಅವರು ನ್ಯಾಯಾಲಯಕ್ಕೆ ಹೋದರು. 2006ರ ಡಿಸೆಂಬರ್ 13ರಂದು ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಮೂವರು ನ್ಯಾಯಾಧೀಶರಲ್ಲಿ ಆ ದೇಶದ ಉಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶೆ ಯೂನಿಟಿ ಡೌ ಒಬ್ಬರು. 2011ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅಲ್ಲಿ ಕೊಳವೆಬಾವಿಯ ನೀರನ್ನು ಬಳಸುವ ಅವರ ಹಕ್ಕನ್ನೂ ಎತ್ತಿಹಿಡಿಯಿತು. ಮಳೆಯನ್ನು ಆಶೀರ್ವಾದವೆನ್ನುವ ನಾಡಿನಲ್ಲಿಯೇ ನೀರಿಗಾಗಿ ವ್ಯಾಜ್ಯ ನಡೆಯಿತೆಂಬುದನ್ನು ಮರೆಮಾಚಬಾರದು. ದುರ್ಬಲರು ಹೂಡಿದ ವ್ಯಾಜ್ಯದಲ್ಲಿ ಸರಕಾರವೇ ಸೋತಿತೆಂಬುದನ್ನೂ ಹೇಳದೆ ಬಿಡಬಾರದು.

ಏಡ್ಸ್ ರೋಗವು ಆ ಜನಾಂಗವನ್ನೇ ಅಳಿಸಿಬಿಡುವಷ್ಟು ಹಬ್ಬಿತ್ತು. 2002ರಿಂದ ಸರಕಾರವೇ ಉಚಿತವಾಗಿ ಔಷಧವನ್ನು ಹಂಚಿ ಅಸಂಖ್ಯ ಜೀವಗಳನ್ನು ಉಳಿಸಿತು. ಈಚೆಗೆ ಪ್ರಯೋಗಾಲಯದ ಕೃತಕ ವಜ್ರಗಳು ಬಂದು ಅವರ ಆದಾಯವನ್ನು ಕುಗ್ಗಿಸಿವೆ. ಆಹಾರದ ವಿಷಯದಲ್ಲಿಯೂ ಒಂದು ಮಾತು. ಅಲ್ಲಿ ದನಕರುಗಳೇ ಸಂಪತ್ತು. ವಧುವಿನ ಮನೆಗೆ ಕೊಡುವ ಕಾಣಿಕೆಯೂ ದನವೇ, ಹಬ್ಬದ ಅಡುಗೆಯೂ ದನದ ಮಾಂಸವೇ. ನಮ್ಮ ಪದ್ಧತಿ ಬೇರೆ. ಮಗು ಕೇಳಿದರೆ ಇದ್ದುದನ್ನು ಇದ್ದಂತೆ ಹೇಳಿ, ನೆಲದ ಗುಣದಂತೆ ಜನರ ಊಟವೆಂದು ತಿಳಿಸಬೇಕು. ತನ್ನ ಆಚಾರದಲ್ಲಿ ದೃಢನಾಗಿರುವುದು ಬೇರೆ, ಪರರನ್ನು ಹಳಿಯುವುದು ಬೇರೆ.

ತಲೆಗೊಂದು ಹಸು

ಇನ್ನು ಈ ಸಂಚಿಕೆಯ ಓದುಗರಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವಿಶೇಷವಾಗಿ ಗಮನಿಸಬೇಕಾದ ಒಂದು ಪ್ರಸಂಗ. ಸ್ವಾತಂತ್ರ್ಯಾನಂತರ ಬೋಟ್ಸ್ವಾನಾ, ಲೆಸೋಥೊ, ಸ್ವಾಜಿಲ್ಯಾಂಡ್ ಎಂಬ ಮೂರು ದೇಶಗಳಿಗೂ ಸೇರಿ ಒಂದೇ ವಿಶ್ವವಿದ್ಯಾಲಯವಿತ್ತು. ಅದರ ಮುಖ್ಯ ಸ್ಥಾನ ಲೆಸೋಥೊದಲ್ಲಿತ್ತು. 1975ರಲ್ಲಿ ಲೆಸೋಥೊ ಹೊರಬಂದು ಅದನ್ನು ತನ್ನದಾಗಿಸಿಕೊಂಡಿತು. ಬೋಟ್ಸ್ವಾನಾದ ತರುಣರಿಗೆ ಓದಲು ನೆಲೆಯಿಲ್ಲವಾಯಿತು. ಆಗ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರು ಜನತೆಯ ಮುಂದೆ ಕೈಯೊಡ್ಡಿದರು. 1976ರಲ್ಲಿ ‘ಮೊಥೊ ಲೆ ಮೊಥೊ ಖೊಮೊ’ ಎಂಬ ಘೋಷಣೆ ನಾಡೆಲ್ಲ ಹರಡಿತು. ‘ಖೊಮೊ’ ಎಂದರೆ ಹಸು. ಒಬ್ಬೊಬ್ಬರೂ ಒಂದೊಂದು ಹಸುವನ್ನು ಕೊಡಿ ಎಂಬುದು ಅದರ ತಾತ್ಪರ್ಯ. ದನವುಳ್ಳವರು ದನ ಕೊಟ್ಟರು. ಇಲ್ಲದವರು ಕಾಳು ಕೊಟ್ಟರು, ಚಿಲ್ಲರೆ ಹಣ ಕೊಟ್ಟರು, ಕೋಳಿಮೊಟ್ಟೆಗಳನ್ನೂ ತಂದುಕೊಟ್ಟರು. ಕೊಟ್ಟವರಲ್ಲಿ ಅನೇಕರು ಅಕ್ಷರವರಿಯದವರು. ತಮ್ಮ ಮೊಮ್ಮಕ್ಕಳಾದರೂ ಓದಲೆಂದು ಕೊಟ್ಟವರು. ಹೀಗೆ ಗ್ಯಾಬರೋನಿನಲ್ಲಿ ವಿದ್ಯಾಲಯ ಎದ್ದಿತು. 1982ರಲ್ಲಿ ಅದು ಬೋಟ್ಸ್ವಾನಾ ವಿಶ್ವವಿದ್ಯಾಲಯವೆಂಬ ಸ್ವತಂತ್ರ ಸಂಸ್ಥೆಯಾಯಿತು. ಹಸುವನ್ನು ಹೊಡೆದುಕೊಂಡು ಬರುತ್ತಿರುವ ರೈತನ ಪ್ರತಿಮೆಯೊಂದು ಇಂದಿಗೂ ಅದರ ಆವರಣದಲ್ಲಿದೆ.

ನಮ್ಮ ಮಠಗಳ ವಿದ್ಯಾಸಂಸ್ಥೆಗಳು ಎದ್ದುದೂ ಹೀಗೆಯೇ ಅಲ್ಲವೆ? ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ರೈತನು ಕಣದಲ್ಲಿ ರಾಶಿಯಿಂದ ಒಂದು ಮೊರ ಜೋಳವನ್ನು ತೆಗೆದಿಟ್ಟನು. ಗೃಹಿಣಿಯು ನಿತ್ಯ ಒಂದು ಹಿಡಿ ಹಿಟ್ಟನ್ನು ಬೇರೆ ಗಡಿಗೆಗೆ ಹಾಕಿದಳು. ಅದರಿಂದ ಪ್ರಸಾದನಿಲಯಗಳು ನಡೆದವು, ಬಡವರ ಮಕ್ಕಳು ಓದಿದರು. ನಾವು ಇದಕ್ಕೆ ದಾಸೋಹವೆನ್ನುತ್ತೇವೆ, ಅವರು ಬೊಥೊ ಎನ್ನುತ್ತಾರೆ. ಹೆಸರು ಬೇರೆ, ಹಿನ್ನೆಲೆ ಬೇರೆ, ಯಾರೂ ಯಾರಿಂದಲೂ ಕಲಿತುದಲ್ಲ. ಆದರೆ ಅಕ್ಷರಕ್ಕಾಗಿ ಬಡವನು ತನ್ನ ಪಾಲಿನ ಕಾಳನ್ನು ಕೊಡಬಲ್ಲನೆಂಬುದು ಎರಡು ಖಂಡಗಳಲ್ಲಿ ಬೇರೆ ಬೇರೆಯಾಗಿಯೇ ಸಿದ್ಧಪಟ್ಟ ಸತ್ಯ. ಜೋಳಿಗೆಯ ಜೋಳದ ತವರು ಆಫ್ರಿಕಾ ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನೆದರೆ ತಪ್ಪಾಗದು.

ತರಗತಿಯಲ್ಲಿ ಮಾಡಬೇಕಾದುದು

ಈ ಪಾಠಕ್ಕೆ ಆರು ಅವಧಿಗಳು ಸಾಕು. ಮೊದಲ ಅವಧಿಯಲ್ಲಿ ಜೋಳದ ಕಾಳನ್ನು ಕೈಯಲ್ಲಿಟ್ಟು ಅದರ ತವರನ್ನು ಭೂಪಟದಲ್ಲಿ ಹುಡುಕಿಸುವುದು. ಎರಡನೆಯದರಲ್ಲಿ ವಂದನೆಯ ಮಾತು ಮತ್ತು ಪೂರ್ವಪ್ರತ್ಯಯಗಳು. ಮೂರನೆಯದರಲ್ಲಿ ಮರಳು ತುಂಬಿದ ತಟ್ಟೆಗೆ ನೀರು ಹನಿಸಿ ಒಕವಾಂಗೊ ನದಿಯ ಗತಿಯನ್ನು ತೋರಿಸುವುದು. ನಾಲ್ಕನೆಯದರಲ್ಲಿ ಮಕ್ಕಳನ್ನೇ ಅರ್ಧಚಂದ್ರಾಕಾರವಾಗಿ ಕುಳ್ಳಿರಿಸಿ, ಶಾಲೆಯ ಒಂದು ಸಣ್ಣ ಸಮಸ್ಯೆಯನ್ನು ಖೊಟ್ಲಾದ ರೀತಿಯಲ್ಲಿ ಚರ್ಚಿಸುವುದು. ಅಧ್ಯಾಪಕನು ಕೊನೆಯಲ್ಲಿ ಮಾತ್ರ ಮಾತಾಡಬೇಕು. ಐದನೆಯದರಲ್ಲಿ ಪ್ರಾಣಿಗಳು. ಆರನೆಯದರಲ್ಲಿ ‘ತಲೆಗೊಂದು ಹಸು’ವಿನ ಕಥೆ. ಆಟವನ್ನು ಮೆಚ್ಚುವ ಮಕ್ಕಳಿಗೆ ಲೆಟ್ಸಿಲೆ ಟೆಬೊಗೊನ ಹೆಸರನ್ನೂ ಹೇಳಬಹುದು. 2024ರ ಮೇ ತಿಂಗಳಲ್ಲಿ ತಾಯಿಯನ್ನು ಕಳೆದುಕೊಂಡ ಆ ತರುಣನು ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ 200 ಮೀಟರು ಓಟವನ್ನು 19.46 ಸೆಕೆಂಡುಗಳಲ್ಲಿ ಮುಗಿಸಿ ತನ್ನ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನವನ್ನು ತಂದನು. ಸರಕಾರವು ಮರುದಿನ ಅರ್ಧ ದಿನದ ರಜೆಯನ್ನು ಸಾರಿತು.

ಪಾಠದ ಕೊನೆಯಲ್ಲಿ ಬೋಟ್ಸ್ವಾನಾದ ಪ್ರಾಣಿಗಳನ್ನು ಹೆಸರಿಸಿರಿ ಎಂದು ಪ್ರಶ್ನೆ ಹಾಕುವುದು ಸುಲಭ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ವಿನಂತಿ: ಆ ದೇಶದ ಒಬ್ಬ ವಿದ್ಯಾರ್ಥಿ ನಾಳೆ ನಿಮ್ಮ ಊರಿಗೆ ಬಂದರೆ ನೀವು ಅವನನ್ನು ಯಾವ ಮಾತಿನಿಂದ ಎದುರುಗೊಳ್ಳುವಿರಿ? ‘ಡುಮೆಲಾ ರ್ರಾ’ ಎಂದು ಬರೆದ ಮಗುವಿಗೆ ಪೂರ್ಣ ಅಂಕಗಳನ್ನು ಕೊಡಬಹುದು.